ಸಾಯಿರಾ ಅಳೆದ ನೆಲ

ಖಾನಾಪುರದಿಂದ ಬೆಳಗಾವಿಗೆ ಬೆಳಿಗ್ಗೆ ಏಳೂ ಹತ್ತಕ್ಕೆ ಹೊರಡುವ ಬಸ್ಸಿನಲ್ಲಿ ಎಡಗಡೆಯ ಮೂರನೇ ಸೀಟು ಸಾಯಿರಾಳದು. ಹನ್ನೆರಡು ವರ್ಷದಲ್ಲಿ ಕಂಡಕ್ಟರುಗಳು ಬದಲಾದರು, ಬಸ್ಸೂ ಎರಡು ಸಲ ಬದಲಾಯಿತು, ಸೀಟು ಮಾತ್ರ ಯಾರೂ ಅವಳಿಂದ ಕಿತ್ತುಕೊಳ್ಳಲಿಲ್ಲ. ಕೂತಷ್ಟು ಹೊತ್ತೂ ಅವಳ ಬಾಯಿ ಸುಮ್ಮನಿರುವುದಿಲ್ಲ. ಪಕ್ಕದವರು ಫೋನಿನಲ್ಲಿ ಏನನ್ನೋ ತೋರಿಸಿ “ಇದು ಖರೇ ಏನ್ರಿ ಮೇಡಮ್ಮಾರ?” ಎಂದು ಕೇಳುವುದು, ಅವಳು ಕನ್ನಡಕ ಸರಿಮಾಡಿಕೊಂಡು “ಖರೇನೋ ಸುಳ್ಳೋ ಆಮ್ಯಾಲ ನೋಡೂಣು. ಇದನ್ನ ಯಾರ ಅಳದಾರ, ಯಾತರ್ಲೆ ಅಳದಾರ, ಮೊದಲ ಅದನ್ನ ಕೇಳ್ರಿ” ಎನ್ನುವುದು, ಹಿಂದಿನ ಸೀಟಿನವರು ನಗುವುದು ದಿನದ ಪಾಠ.

ಅವಳಿಗೆ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯ ಇತ್ತು. ತಡವಾಗಿ ಮನೆಗೆ ಹೋಗುವವನೇ ಹೆಚ್ಚು ದುಡಿಯುವವನು ಎಂದು ನಂಬುವ ಮ್ಯಾನೇಜರುಗಳನ್ನು ಕಂಡರೆ ಅವಳಿಗೆ ಆಗದು; “ಎಂಟ ತಾಸಿನ್ಯಾಗ ಆಗದ ಕೆಲಸ ಹನ್ನೆರಡ ತಾಸಿನ್ಯಾಗ ಕೆಡತದ” ಎನ್ನುತ್ತಿದ್ದಳು. ಬಸ್ಸಿನಲ್ಲಿ ಕನ್ನಡ ದೊಡ್ಡದೋ ಮರಾಠಿ ದೊಡ್ಡದೋ ಎಂದು ಮಾತು ಏರಿದರೆ ಎರಡೂ ಭಾಷೆಯಲ್ಲಿ ಇಬ್ಬರನ್ನೂ ಗದರುತ್ತಿದ್ದಳು. ಮನೆಯಲ್ಲಿ ದಖನಿ, ಬಸ್ಸಿನಲ್ಲಿ ಕನ್ನಡ ಮತ್ತು ಮರಾಠಿ, ಕಂಪ್ಯೂಟರಿನ ಪರದೆಯ ಮೇಲೆ ಇಂಗ್ಲಿಷು, ಹೀಗೆ ದಿನವೂ ನಾಲ್ಕು ನುಡಿಗೆ ನಾಲಿಗೆ ಹೊರಳಿಸುವವಳಿಗೆ ಆ ಜಗಳ ಸಮಯ ಹಾಳು ಅನಿಸುತ್ತಿತ್ತು. ಗಂಡ ಜಾಕೀರ ಖಾನಾಪುರದ ಬಸ್ ನಿಲ್ದಾಣದ ಬಳಿ ಮೊಬೈಲ್ ರಿಪೇರಿ ಮಾಡುತ್ತಾನೆ. ಹೆಂಡತಿಯ ಮಾತಿಗೆ ಎದುರಾಡಬಾರದೆಂದು ಮದುವೆಯಾದ ಆರು ತಿಂಗಳಲ್ಲೇ ಕಲಿತವನು.

ಆದರೆ ಅವಳ ಅಭಿಪ್ರಾಯಗಳಲ್ಲೆಲ್ಲ ಗಟ್ಟಿಯಾದದ್ದು ಒಂದೇ. ಯಂತ್ರ ಸುಳ್ಳು ಹೇಳುವುದಿಲ್ಲ.

ಹಾಗೆ ನಂಬಲು ಅವಳಿಗೆ ಕಾರಣವಿತ್ತು. ಬೆಳಗಾವಿ ಇನ್ನೂ ಒಂದಿಷ್ಟು ದೂರವಿರುವಾಗಲೇ ರಸ್ತೆಯ ಪಕ್ಕದ ಕೈಗಾರಿಕಾ ವಸಾಹತಿನಲ್ಲಿ ಅವಳು ಇಳಿಯುತ್ತಾಳೆ. ಅವಳ ಕಾರ್ಖಾನೆಯಲ್ಲಿ ತಯಾರಾಗುವುದು ಬೇರೆ ಯಂತ್ರಗಳೊಳಗೆ ಕೂರುವ ಉಕ್ಕಿನ ಹಳಿಗಳು. ಮೂರು ಮೀಟರ್ ಉದ್ದ, ಅಂಗೈಯಷ್ಟು ಅಗಲ. ಅವು ನೇರವಾಗಿರಬೇಕು. ಎಷ್ಟು ನೇರವೆಂದರೆ ಈ ತುದಿಯಿಂದ ಆ ತುದಿಯವರೆಗೆ ಹತ್ತು ಮೈಕ್ರಾನಿಗಿಂತ ಹೆಚ್ಚು ಡೊಂಕು ಕಾಣಬಾರದು. ಮನುಷ್ಯನ ಒಂದು ತಲೆಗೂದಲು ಎಪ್ಪತ್ತು ಮೈಕ್ರಾನ್ ದಪ್ಪ. ಅದನ್ನು ಏಳು ಸೀಳು ಮಾಡಿದರೆ ಒಂದು ಸೀಳು ಎಷ್ಟೋ, ಹಳಿಗೆ ಬಿಟ್ಟಿರುವ ರಿಯಾಯಿತಿ ಅಷ್ಟು.

ಆ ಹಳಿಗಳನ್ನು ಅಳೆಯುವ ಕೋಣೆ ಸಾಯಿರಾಳದು. ಚಳಿಗಾಲ ಬೇಸಿಗೆಯೆನ್ನದೆ ಅಲ್ಲಿ ಇಪ್ಪತ್ತು ಡಿಗ್ರಿ. ಚಪ್ಪಲಿ ಹೊರಗೆ ಬಿಟ್ಟು, ಒಳಗಿನ ಬಿಳಿ ಚಪ್ಪಲಿ ಮೆಟ್ಟಿಯೇ ಹೋಗಬೇಕು. ನಡುವೆ ಐದು ಮೀಟರ್ ಉದ್ದದ ಕರೀ ಗ್ರಾನೈಟಿನ ಹಾಸು, ಅದರ ಮೇಲೆ ಕಮಾನಿನಂತೆ ನಿಂತ ಯಂತ್ರ, ಕಮಾನಿನಿಂದ ಇಳಿಬಿದ್ದ ಸೂಜಿ, ಸೂಜಿಯ ತುದಿಗೆ ಸಾಸಿವೆ ಕಾಳಿನಷ್ಟು ಕೆಂಪು ಮಾಣಿಕ್ಯದ ಗುಂಡು. ಆ ಗುಂಡು ಹಳಿಯನ್ನು ಸಾವಿರ ಕಡೆ ಮೆಲ್ಲಗೆ ಮುಟ್ಟುತ್ತದೆ. ಎಲ್ಲಿ ಮುಟ್ಟಬೇಕು, ಯಾವ ಕ್ರಮದಲ್ಲಿ ಮುಟ್ಟಬೇಕು, ಮುಟ್ಟಿ ಬಂದ ಲೆಕ್ಕವನ್ನು ಹೇಗೆ ಕೂಡಿಸಬೇಕು ಎಂಬ ಪ್ರೋಗ್ರಾಮನ್ನು ಬರೆಯುವವಳು ಸಾಯಿರಾ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ದಿನ, ಯಂತ್ರ ಕೂರಿಸಲು ಬಂದಿದ್ದ ಎಂಜಿನಿಯರು ಅವಳಿಗೆ ಒಂದು ಉಕ್ಕಿನ ಕಡ್ಡಿ ತೋರಿಸಿ, “ಇದನ್ನು ಒಂದು ನಿಮಿಷ ಹಿಡಿದುಕೊಳ್ಳಿ” ಎಂದಿದ್ದರು. ಹಿಡಿದು ಬಿಟ್ಟಳು. ಮತ್ತೆ ಅಳೆದಾಗ ಕಡ್ಡಿ ಮೂರು ಮೈಕ್ರಾನ್ ಉದ್ದವಾಗಿತ್ತು. ಅವಳ ಅಂಗೈಯ ಬಿಸಿಗೆ ಉಕ್ಕು ಬೆಳೆದಿತ್ತು. ಅಂದು ಸಂಜೆ ಬಸ್ಸಿನಲ್ಲಿ ಅವಳು ಕಿಟಕಿಯ ಸರಳನ್ನು ಮುಟ್ಟಿ ಮುಟ್ಟಿ ನೋಡಿದಳು. ಅಂಥ ಯಂತ್ರ ಸುಳ್ಳು ಹೇಳಲು ಸಾಧ್ಯವೇ?

ಮೂರು ವರ್ಷದ ಹಿಂದೆ ಕಾರ್ಖಾನೆ ಮೊದಲ ಸಲ ಮೂರು ಮೀಟರಿನ ಹಳಿ ಮಾಡತೊಡಗಿತು; ಅದಕ್ಕೂ ಮುಂಚಿನ ಗಿಡ್ಡ ಹಳಿಗಳು ಹಾಸಿನ ಒಂದೇ ತುದಿಯಲ್ಲಿ ಮುಗಿಯುತ್ತಿದ್ದವು. ಆ ಜುಲೈನಲ್ಲಿ ಹಳಿಗಳು ಒಂದರ ಹಿಂದೊಂದು ಫೇಲಾಗತೊಡಗಿದವು. ಹಳಿಯ ನಡುವೆ ಹೊಟ್ಟೆ ಬಂದಂತೆ ಉಬ್ಬು. ಮೊದಲು ಹನ್ನೊಂದು ಮೈಕ್ರಾನ್, ಒಂದು ವಾರದಲ್ಲಿ ಹದಿನಾಲ್ಕು. ಹಳಿಗಳನ್ನು ಕೊನೆಗೆ ತಿರುಗುವ ಸಾಣೆಕಲ್ಲಿನಲ್ಲಿ ಉಜ್ಜಿ ನೇರ ಮಾಡುತ್ತಿದ್ದವನು ಹಲಸಿ ಊರಿನ ರಾಮಲಿಂಗ. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಮ್ಯಾನೇಜರ್ ವಿನಯ ವಯಸ್ಸಿನಲ್ಲಿ ಸಾಯಿರಾಳಿಗಿಂತ ಚಿಕ್ಕವನು. ಮೇಲಿನವರಿಂದ ದಿನವೂ ಫೋನು ಬರುತ್ತಿತ್ತು. ಸಾಯಿರಾ ಸಹಿ ಹಾಕಿದ ಹನ್ನೆರಡು ವರದಿಗಳನ್ನು ಮೇಜಿನ ಮೇಲೆ ಹರಡಿ ಅವನು ರಾಮಲಿಂಗನನ್ನು ದೊಡ್ಡ ಯಂತ್ರದಿಂದ ತೆಗೆದು, ಸಣ್ಣ ಸಾಮಾನುಗಳ ಅಂಚು ಕೆರೆಯುವ ಕೆಲಸಕ್ಕೆ ಹಾಕಿದ. ಹೊಸದಾಗಿ ಸೇರಿದವರಿಗೆ ಕೊಡುವ ಕೆಲಸ ಅದು.

ಮಧ್ಯಾಹ್ನ ಊಟದ ಹೊತ್ತಿಗೆ ರಾಮಲಿಂಗ ಅಳತೆ ಕೋಣೆಯ ಬಾಗಿಲ ಹೊರಗೆ ಬಂದು ನಿಂತ. ಒಳಗೆ ಬರಲಿಲ್ಲ.

“ಮೇಡಮ್ಮಾರ, ಹತ್ತೊಂಬತ್ತ ವರ್ಷ ಆತು ಆ ಕಲ್ಲ ತಿರಗಸಾಕ ಹತ್ತಿ. ಕಲ್ಲ ಹಳೀಗೆ ತಾಗೂ ಸಪ್ಪಳದಾಗ ನನಗ ತಿಳೀತದ. ಈ ಹಳಿ ಡೊಂಕ ಇಲ್ಲ.”

“ಕಿವಿ ತಪ್ಪಬಹುದ್ರೀ ಅಣ್ಣಾರ. ಯಂತ್ರ ಸುಳ್ಳ ಹೇಳೂದಿಲ್ಲ.”

“ಸುಳ್ಳ ಹೇಳ್ತದಂತ ನಾ ಎಲ್ಲಿ ಅಂದೆ? ಒಮ್ಮಿ ಹಳಿ ಬೋರಲ ಹಾಕಿ ಅಳದ ನೋಡ್ರಿ. ಅಷ್ಟ ಕೇಳಾಕ ಬಂದೆ.”

ಅಷ್ಟು ಹೇಳಿ ಅವನು ಹೋದ. ಸಾಯಿರಾಳಿಗೆ ಸಿಟ್ಟು ಬಂತು. ಏಪ್ರಿಲಿನಲ್ಲಷ್ಟೇ ಯಂತ್ರದ ತಪಾಸಣೆ ಮುಗಿದು, ಎಲ್ಲ ಸರಿ ಎಂದು ಪ್ರಮಾಣಪತ್ರ ಬಂದಿತ್ತು. ಆದರೂ ಶನಿವಾರ ಉಳಿದವರೆಲ್ಲ ಹೋದ ಮೇಲೆ, ಇಬ್ಬರ ಸಹಾಯ ತೆಗೆದುಕೊಂಡು ಫೇಲಾದ ಒಂದು ಹಳಿಯನ್ನು ಬೋರಲು ಹಾಕಿಸಿದಳು. ಲೆಕ್ಕ ಸರಳವಿತ್ತು. ಹೊಟ್ಟೆ ಹಳಿಯದೇ ಆಗಿದ್ದರೆ, ಹಳಿ ಮಗುಚಿದಾಗ ಹೊಟ್ಟೆಯೂ ಕೆಳಗಾಗಿ ನಡುವೆ ತಗ್ಗು ಕಾಣಬೇಕು.

ಹಳಿ ತಣ್ಣಗಾಗಲು ಎರಡು ತಾಸು ಕಾದಳು. ಆಮೇಲೆ ಮಾಣಿಕ್ಯದ ಗುಂಡು ಟಿಕ್ ಟಿಕ್ ಎಂದು ಹಳಿಯನ್ನು ಮುಟ್ಟುತ್ತ ಸಾಗಿತು. ಪರದೆಯ ಮೇಲೆ ಗೆರೆ ಮೂಡಿತು. ನಡುವೆ ಉಬ್ಬು, ಹದಿನಾಲ್ಕು ಮೈಕ್ರಾನ್, ಮೇಲ್ಮುಖ. ಮೊದಲು ಇದ್ದ ಹಾಗೆಯೇ.

ಸಾಯಿರಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಹಳಿ ತಿರುಗಿತ್ತು, ಡೊಂಕು ತಿರುಗಿರಲಿಲ್ಲ. ಹಾಗಾದರೆ ಡೊಂಕು ಹಳಿಯದಲ್ಲ, ಅದರ ಕೆಳಗಿದ್ದ ಕರೀ ಕಲ್ಲಿನ ಹಾಸಿನದು. ಯಂತ್ರ ಸುಳ್ಳು ಹೇಳಿರಲಿಲ್ಲ. ಅದು ಯಾವುದರ ಬಗ್ಗೆ ಹೇಳುತ್ತಿದೆ ಎಂಬುದನ್ನೇ ಇವಳು ತಪ್ಪಾಗಿ ಕೇಳಿಸಿಕೊಂಡಿದ್ದಳು. ಹನ್ನೆರಡು ವರದಿಗಳ ಕೆಳಗೂ ಅವಳ ದುಂಡು ಅಕ್ಷರದ ಸಹಿ ಇತ್ತು.

ಸೋಮವಾರ ಬೆಳಿಗ್ಗೆ ಬ್ಯಾಗನ್ನೂ ಇಡದೆ ನೇರವಾಗಿ ಅಂಚು ಕೆರೆಯುವ ಮೇಜಿಗೆ ಹೋದಳು.

“ರಾಮಲಿಂಗ ಅಣ್ಣಾರ, ತಪ್ಪ ನಂದು. ನಿಮ್ಮ ಹಳಿ ನೆಟ್ಟಗ ಅದಾವ. ಒಂದೂ ಡೊಂಕ ಇಲ್ಲ.”

ರಾಮಲಿಂಗ ಕೈಯಲ್ಲಿದ್ದ ಅರವನ್ನು ಮೆಲ್ಲಗೆ ಕೆಳಗಿಟ್ಟ. ಆಮೇಲೆ, “ನೀವೇನ ಸುಳ್ಳ ಬರದಿದ್ದಿಲ್ಲ. ಕಂಡದ್ದ ಬರದಿದ್ರಿ” ಎಂದ. “ಎಲ್ಲಾರ ಮುಂದ ಅಷ್ಟ ಹೇಳ್ರಿ ಮೇಡಮ್ಮಾರ. ಇಲ್ಲಿ ಹುಡುಗ್ರು ಒಂದ ವಾರದಿಂದ ನನ್ನ ಮಾರಿ ನೋಡವಲ್ರು.”

ಅವಳು ಎಲ್ಲರ ಮುಂದೆಯೂ ಹೇಳಿದಳು, ವಿನಯನ ಕೋಣೆಯಲ್ಲಿ ಬರೆದೂ ಕೊಟ್ಟಳು. ರಾಮಲಿಂಗ ತನ್ನ ಯಂತ್ರಕ್ಕೆ ಮರಳಿದ. ಅಂದಿನಿಂದ ಯಾವ ಹಳಿಯನ್ನೂ ಬೋರಲು ಹಾಕಿ ಅಳೆಯದೆ ಫೇಲು ಮಾಡಬಾರದೆಂದು ಅವಳು ಪ್ರೋಗ್ರಾಮಿನಲ್ಲೇ ಕಟ್ಟು ಹಾಕಿದಳು. ಆ ಭಾಗಕ್ಕೆ ಒಂದು ಹೆಸರು ಕೊಡಬೇಕಿತ್ತು. ‘ರಾಮಲಿಂಗ’ ಎಂದು ಕೊಟ್ಟಳು. ಇಂದಿಗೂ ಆ ಯಂತ್ರದ ಪರದೆಯಲ್ಲಿ, ಇಂಗ್ಲಿಷು ಸಾಲುಗಳ ನಡುವೆ, ಹಲಸಿಯ ಆ ಮನುಷ್ಯನ ಹೆಸರಿದೆ.

ಯಂತ್ರದ ಕಂಪನಿಯಿಂದ ಸರ್ವಿಸ್ ಎಂಜಿನಿಯರು ಬಂದ. ಹಾಸಿನ ಕೆಳಗಿನ ಎಂಟು ಕಾಲುಗಳನ್ನು ತಿರುಗಿಸಿ ಮಟ್ಟ ಮಾಡಿ, ಎರಡು ದಿನದಲ್ಲಿ ಎಲ್ಲ ಸರಿಪಡಿಸಿ ಹೋದ. ಕಾರಣ ಕೇಳಿದರೆ, “ಕೆಲವೊಮ್ಮೆ ಹೀಗಾಗುತ್ತೆ ಮೇಡಂ” ಎಂದ. ಸಾಯಿರಾಳಿಗೆ ಆ ಮಾತು ಒಗ್ಗಲಿಲ್ಲ. ಕೆಲವೊಮ್ಮೆ ಎಂದರೆ ಯಾವಾಗ?

ಶಿವರಾತ್ರಿಯ ಹೊತ್ತಿಗೆ ಉತ್ತರ ಬಂತು. ಹಳಿಗಳು ಮತ್ತೆ ಡೊಂಕು ತೋರಿಸಿದವು. ಈ ಸಲ ಉಬ್ಬಲ್ಲ, ತಗ್ಗು. ಹಾಸು ಹಿಂದಿಗಿಂತ ಉಲ್ಟಾ ಬಾಗಿತ್ತು. ವಿನಯ ತನ್ನ ಲ್ಯಾಪ್‌ಟಾಪಿನಲ್ಲಿ ಎಐಗೆ ಕೇಳಿದ. ಅದು ಕ್ಷಣಾರ್ಧದಲ್ಲಿ ಒಂಬತ್ತು ಕಾರಣ ಕೊಟ್ಟಿತು. ಉಷ್ಣತೆ, ಅದುರುವಿಕೆ, ಗಾಳಿಯ ಒತ್ತಡ, ಸಡಿಲಾದ ಕಾಲು, ಹೀಗೆ. ಒಂದೊಂದನ್ನೂ ಪರೀಕ್ಷೆ ಮಾಡುತ್ತ ಮೂರು ವಾರ ಹೋಯಿತು. ಒಂಬತ್ತನೆಯದು ‘ಅಡಿಪಾಯದಲ್ಲಿ ಬದಲಾವಣೆ’ ಎಂದಿತ್ತು. ಕಟ್ಟುವಾಗ ಮಣ್ಣು ಪರೀಕ್ಷೆ ಮಾಡಿಸಿದ ಕಾಗದ ಫೈಲಿನಲ್ಲಿದೆ, ಆರು ಕಡೆ ಅಗೆದು ನೋಡಿದ್ದಾರೆ, ಎಲ್ಲಾ ಕಡೆ ಗಟ್ಟಿ ಕೆಂಪು ನೆಲವೇ ಎಂದು ವಿನಯ ಆ ಸಾಲನ್ನು ಹೊಡೆದು ಹಾಕಿದ. ಅಳತೆ ಕೋಣೆ ಆಮೇಲೆ ಸೇರಿಸಿ ಕಟ್ಟಿದ ಭಾಗ ಎಂಬುದು ಯಾರಿಗೂ ನೆನಪಾಗಲಿಲ್ಲ.

ಆ ಭಾನುವಾರ ಸಾಯಿರಾ ಖಾನಾಪುರದ ತವರಿಗೆ ಹೋದಳು. ಅಪ್ಪ ಕಲಂದರ ಹಿತ್ತಲಿನಲ್ಲಿ ಕೋಳಿ ಗೂಡಿನ ಬಿರುಕು ಬಿಟ್ಟ ಗೋಡೆಗೆ ಮೆತ್ತಲು ಮಣ್ಣು ಸೋಸುತ್ತ ಕೂತಿದ್ದ. ನಲವತ್ತು ವರ್ಷ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡಿದವನು. ಮಗಳನ್ನು ಕಂಡು, “ಕ್ಯಾ ಹುವಾ ಬೇಟಾ, ಮೂಂ ಕೈಕು ಉತರ್ಯಾ?” ಎಂದ, ಮುಖ ಯಾಕೆ ಬಾಡಿದೆ ಎಂದು. ಅವಳು ಕಲ್ಲಿನ ಹಾಸು ಬಾಗುವ ಕತೆಯನ್ನೆಲ್ಲ ಹೇಳಿದಳು. ಅವನು ಕೇಳುತ್ತ ಜರಡಿಯಿಂದ ಕಪ್ಪು ಹೆಂಟೆಗಳನ್ನು ಆರಿಸಿ ದೂರ ಎಸೆಯುತ್ತಿದ್ದ. ಕೆಲಸದ ಮಾತು ಬಂದರೆ ಕಲಂದರನ ನಾಲಿಗೆ ತಾನಾಗಿ ಕನ್ನಡಕ್ಕೆ ಹೊರಳುತ್ತಿತ್ತು. ಅವನ ಪಾಲಿಗೆ ಭಟ್ಟಿಯ ಭಾಷೆ ಕನ್ನಡವೇ.

“ಈ ಎರಿ ಒಂದ ಮುಟಿಗಿ ಉಳದ್ರ ಸಾಕು, ಗ್ವಾಡಿ ಸೀಳತದ. ನೀರ ಕುಡದ ಉಬ್ಬತದ, ಒಣಗಿದ್ರ ಸೊರಗತದ. ಹಂಚಿನ ಕಾರ್ಖಾನ್ಯಾಗ ಒಂದ ಲೋಡ ಎರಿ ಮಣ್ಣ ತಪ್ಪಿ ಬಂತಂದ್ರ ಇಡೀ ಭಟ್ಟಿ ಹಾಳಾಗ್ತಿತ್ತು.”

ಸಾಯಿರಾ ತಲೆ ಎತ್ತಿದಳು. “ಎಷ್ಟ ಉಬ್ಬತದ ಅಬ್ಬಾ?”

“ಅಳದವ್ರ ಯಾರು? ಬ್ಯಾಸಗ್ಯಾಗ ಎರಿ ಹೊಲದ ಬಿರುಕಿನ್ಯಾಗ ನನ್ನ ಕೈ ಮೊಣಕೈತನ ಹೋಗ್ತಿತ್ತು. ಮಳಿಗಾಲಕ್ಕ ಅದ ಬಿರುಕ ಎಲ್ಲಿತ್ತಂತ ಹುಡುಕಿದ್ರೂ ಸಿಗ್ತಿದ್ದಿಲ್ಲ.”

ಜುಲೈನಲ್ಲಿ ಉಬ್ಬು. ಫೆಬ್ರವರಿಯಲ್ಲಿ ತಗ್ಗು. ಸಾಯಿರಾ ಅಪ್ಪ ಎಸೆದ ಒಂದು ಕಪ್ಪು ಹೆಂಟೆಯನ್ನು ಎತ್ತಿಕೊಂಡು ಅಂಗೈಯಲ್ಲಿಟ್ಟು ನೋಡುತ್ತಲೇ ಇದ್ದಳು. ಪಕ್ಕದಲ್ಲಿಟ್ಟ ಚಹಾ ಆರಿಹೋಯಿತು.

ಮರುದಿನ ಅವಳು ಕಾರ್ಖಾನೆಯ ಗೇಟಿನಲ್ಲೇ ನಿಂತಳು. ಅಲ್ಲಿ ಕಾವಲಿಗಿದ್ದವನು ಸಿದರಾಯ. ಅರವತ್ತಕ್ಕೆ ಎರಡೋ ಮೂರೋ ಕಡಿಮೆ. ವಸಾಹತು ಆಗುವ ಮುಂಚೆ ಅಲ್ಲಿನ ಹೊಲಗಳಲ್ಲಿ ಒಂದು ಅವನ ಮನೆತನದ್ದು ಎಂದು ಅವಳು ಯಾವಾಗಲೋ ಕೇಳಿದ್ದಳು. ಹತ್ತು ವರ್ಷ ದಿನವೂ ಅವನಿಗೆ ನಮಸ್ಕಾರ ಹೇಳಿ ಒಳಗೆ ಹೋಗಿದ್ದಳು, ಆ ಬಗ್ಗೆ ಒಂದು ಮಾತು ಕೇಳಿರಲಿಲ್ಲ.

“ಕಾಕಾ, ಇಲ್ಲಿ ಎರಿ ಭೂಮಿ ಇತ್ತೇನ್ರಿ?”

ಸಿದರಾಯ ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. “ಯಾಕವಾ, ಹೊಲಾ ಮಾಡಾಕಿ ಏನ ಮತ್ತ?” ಎಂದು ನಕ್ಕ. ಅವಳು ನಗದಿರುವುದನ್ನು ಕಂಡು, ಬಾ ಎಂದು ಮುಂದೆ ನಡೆದ.

ಗೇಟಿನ ಪಕ್ಕ ಹಳೆಯ ಹುಣಸೆ ಮರವೊಂದು ಉಳಿದಿತ್ತು. ಅದರ ಬುಡಕ್ಕೆ ಬೆನ್ನು ಕೊಟ್ಟು ನಿಂತು, ಶೆಡ್ಡಿನ ಗೋಡೆಯ ಗುಂಟ ಹೆಜ್ಜೆ ಎಣಿಸುತ್ತ ಹೊರಟ. ಸಾಯಿರಾ ಹಿಂದೆ ಹಿಂದೆ. “ಇಲ್ಲೆಲ್ಲಾ ಕೆಂಪ ಮಣ್ಣ. ಮೊದಲಿಗೆ ಮಡ್ಡಿ, ಆಮ್ಯಾಲ ನಮ್ಮಪ್ಪ ಹಸನ ಮಾಡಿದ್ದ.” ಅಳತೆ ಕೋಣೆಯ ಗೋಡೆ ಬಂತು. ಅದರ ಅರ್ಧದಾಚೆ ಹೋಗಿ ನಲವತ್ತೆರಡನೇ ಹೆಜ್ಜೆಗೆ ನಿಂತ. “ಇಲ್ಲಿ ಬದು. ಬದುವಿನ ಆ ಕಡಿ ಎರಿ. ಒಂದ ಪಟ್ಟಿ ಅಷ್ಟ, ಹಳ್ಳದತನ. ಹಿಂಗಾರಿ ಜ್ವಾಳ ಹಾಕ್ತಿದ್ದಿವಿ. ಏನ ಜ್ವಾಳವಾ ಅದು! ತೆನಿ ಹಿಡದ್ರ ಕೈ ತುಂಬತಿತ್ತು.” ಅವನು ಕಾಂಕ್ರೀಟಿನ ಮೇಲೆ ಪಾದ ಊರಿ ಒಮ್ಮೆ ಒತ್ತಿದ. “ಎಲ್ಲೂ ಹೋಗಿಲ್ಲದು. ಇದರ ಬುಡಕ್ಕ ಐತಿ.”

ಸಾಯಿರಾ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಒಳಗೆ ಓಡಿದಳು. ಒಳಗಿನಿಂದ ಅಳೆದು ನೋಡಿದರೆ, ಆ ಗೆರೆ ಸರಿಯಾಗಿ ಕರೀ ಕಲ್ಲಿನ ಹಾಸಿನ ಆರನೇ ಕಾಲಿನ ಬಳಿ ಹಾಯುತ್ತಿತ್ತು. ಆರು ಕಾಲು ಕೆಂಪು ನೆಲದ ಮೇಲೆ, ಕೊನೆಯ ಎರಡು ಸಿದರಾಯನ ಜೋಳದ ಹೊಲದಲ್ಲಿ.

ಹೇಳಿದರೆ ಯಾರೂ ನಂಬರು ಎಂದು ಅವಳಿಗೆ ಗೊತ್ತಿತ್ತು. ಅವಳೇ ಆದರೂ ನಂಬುತ್ತಿರಲಿಲ್ಲ. ಯಾರು ಅಳೆದಿದ್ದಾರೆ ಎಂದು ಕೇಳುತ್ತಿದ್ದಳು. ಹಾಗಾಗಿ ಅಳೆಯತೊಡಗಿದಳು. ಕೋಣೆಯ ಆ ಮೂಲೆಯ ನೆಲದ ಮೇಲೆ ಒಂದು ಎಲೆಕ್ಟ್ರಾನಿಕ್ ಮಟ್ಟಗೋಲು ಇಟ್ಟಳು. ಒಂದು ಮೀಟರ್ ಉದ್ದದಲ್ಲಿ ನೆಲದ ಆ ತುದಿ ಒಂದೇ ಒಂದು ಮೈಕ್ರಾನ್ ಎದ್ದರೂ ಅದರ ಪುಟ್ಟ ಪರದೆಯಲ್ಲಿ ಸಂಖ್ಯೆ ಒಂದು ಏರುತ್ತದೆ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಮಂಡಿಯೂರಿ ಕೂತು ಅದನ್ನು ಓದಿ ಬರೆದುಕೊಳ್ಳುತ್ತಿದ್ದಳು. ಜೊತೆಗೆ ತಾಲೂಕಿನ ಮಳೆ ಮಾಪನದ ಅಂಕಿಗಳು. ವಿನಯ ಒಂದೆರಡು ಸಲ ಬಾಗಿಲಲ್ಲಿ ನಿಂತು ನೋಡಿ, “ಸಾಯಿರಾ ಮೇಡಂ ನಮಾಜಿನ ವ್ಯಾಳ್ಯಾ ಬದಲ ಮಾಡ್ಯಾರ” ಎಂದು ನಕ್ಕ. ಅವಳೂ ನಕ್ಕಳು.

ಮಾರ್ಚಿನಲ್ಲಿ ಸಂಖ್ಯೆ ಸೊನ್ನೆಯಿಂದ ಕೆಳಗಿಳಿಯಿತು. ಏಪ್ರಿಲ್, ಮೇ, ಇಳಿಯುತ್ತಲೇ ಹೋಯಿತು. ಬೆಳಗಾವಿಯ ಬಿಸಿಲಿಗೆ ಶೆಡ್ಡಿನ ಕೆಳಗಿನ ನೆಲ ಕೂದಲೆಳೆಯ ಒಂದೊಂದೇ ಸೀಳಿನಷ್ಟು ಕುಗ್ಗುತ್ತಿತ್ತು. ಜೂನಿನ ಮೊದಲ ವಾರ ಮಳೆ ಹಿಡಿಯಿತು. ಸಾಯಿರಾ ಮರುದಿನ ಓಡಿ ಬಂದು ನೋಡಿದಳು. ಏನೂ ಇಲ್ಲ. ಮೂರನೇ ದಿನ, ನಾಲ್ಕನೇ ದಿನ, ಒಂದು ವಾರ. ಹೊರಗೆ ಧಾರಾಕಾರ, ಒಳಗೆ ಸಂಖ್ಯೆ ಅಲ್ಲಾಡದು. ತನ್ನ ಲೆಕ್ಕ ತಪ್ಪಿತೆಂದು ಅವಳು ಬಸ್ಸಿನಲ್ಲಿ ಯಾರ ಜೊತೆಗೂ ಮಾತಾಡದೆ ಕೂತಳು. ಕಂಡಕ್ಟರ್ ಹುಷಾರಿಲ್ಲವೇ ಎಂದು ಕೇಳಿದ.

ಹನ್ನೊಂದನೇ ದಿನ ಬೆಳಿಗ್ಗೆ ಸಂಖ್ಯೆ ಒಂದು ಏರಿತ್ತು. ಹನ್ನೆರಡನೇ ದಿನ ಎರಡು. ಆಮೇಲೆ ನಿಲ್ಲಲಿಲ್ಲ.

ಅವಳು ಕಂಪ್ಯೂಟರಿನಲ್ಲಿ ಎರಡು ಗೆರೆ ಬಿಡಿಸಿದಳು, ಒಂದು ಮಳೆಯದು, ಒಂದು ನೆಲದ್ದು. ನೆಲದ ಗೆರೆಯನ್ನು ಹನ್ನೊಂದು ದಿನ ಹಿಂದಕ್ಕೆ ಸರಿಸಿದಳು. ಎರಡೂ ಒಂದರ ಕೈ ಒಂದು ಹಿಡಿದ ಹಾಗೆ ಜೊತೆಜೊತೆಗೆ ಏರಿಳಿದವು. ದೊಡ್ಡ ಮಳೆಗೆ ದೊಡ್ಡ ಏರು, ಎರಡು ದಿನದ ಬಿಡುವಿಗೆ ಸಣ್ಣ ತಗ್ಗು. ನಲವತ್ತು ಯಂತ್ರಗಳನ್ನೂ, ಕಬ್ಬಿಣದ ಛಾವಣಿಯನ್ನೂ, ರಾಮಲಿಂಗನನ್ನೂ, ವಿನಯನನ್ನೂ, ತನ್ನನ್ನೂ ಹೊತ್ತ ನೆಲ ಯಾರಿಗೂ ಗೊತ್ತಾಗದಂತೆ ಎದ್ದು ಕೂರುತ್ತಿತ್ತು, ವರ್ಷಾ ವರ್ಷ, ಅವಳು ಹುಟ್ಟುವ ಎಷ್ಟೋ ಮುಂಚಿನಿಂದಲೂ. ಅದರ ಮೇಲೆ ಅವಳು ಹತ್ತು ವರ್ಷ ಓಡಾಡಿ, ಪ್ರಪಂಚದಲ್ಲೇ ಅಲುಗಾಡದ ಜಾಗ ಇದೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಮೊದಲು ತೋರಿಸಬೇಕಾದವನು ವಿನಯನಲ್ಲ ಎಂದು ಅವಳಿಗೆ ಅನಿಸಿತು. ಜುಲೈನ ಒಂದು ಮಧ್ಯಾಹ್ನ ಗೇಟಿಗೆ ಹೋಗಿ, ಬದಲಿ ಕಾವಲುಗಾರನನ್ನು ನಿಲ್ಲಿಸಿ, ಸಿದರಾಯನನ್ನು ಕರೆತಂದಳು. ಆ ಕಟ್ಟಡದೊಳಗೆ ಅವನು ಒಮ್ಮೆಯೂ ಬಂದಿರಲಿಲ್ಲ. ಬಿಳಿ ಚಪ್ಪಲಿ ಕೊಟ್ಟರೆ ಬೇಡವೆಂದ, ಕಾಲು ತೊಳೆದುಕೊಂಡು ಒರೆಸಿ ಬರಿಗಾಲಲ್ಲೇ ಬಂದ. ತಣ್ಣನೆಯ ಕೋಣೆಯಲ್ಲಿ ಮೈ ಕುಗ್ಗಿಸಿ ನಿಂತು ಸುತ್ತ ನೋಡಿದ. ಸಾಯಿರಾ ಮೂಲೆಯಲ್ಲಿ ಮಂಡಿಯೂರಿದಳು. ಅವನೂ ಕಷ್ಟಪಟ್ಟು ಪಕ್ಕದಲ್ಲಿ ಕೂತ.

“ಇದು ನಿಮ್ಮ ಹೊಲಾ ಕಾಕಾ. ಮುಂಜಾನೆ ಹದಿನಾಲ್ಕ ಇತ್ತು. ಈಗ ನೋಡ್ರಿ.”

ಪರದೆಯಲ್ಲಿ ಹದಿನೈದಿತ್ತು. ಅವರು ನೋಡುತ್ತಿದ್ದಂತೆ ಅದು ಹದಿನಾರಾಯಿತು, ಮತ್ತೆ ಹದಿನೈದಕ್ಕೆ ಬಂತು, ಮತ್ತೆ ಹದಿನಾರಾಗಿ ನಿಂತಿತು.

“ಏಳಾಕತ್ತೇತಿ?” ಸಿದರಾಯನ ದನಿ ಸಣ್ಣದಾಗಿತ್ತು.

“ಏಳಾಕತ್ತೇತ್ರಿ. ಇವತ್ತಿನ ಮಳೀಗಲ್ಲ. ಹನ್ನೊಂದ ದಿನದ ಹಿಂದ ಆದ ಮಳೀಗೆ.”

“ಹೌದ ಮತ್ತ,” ಎಂದ ಅವನು, ಗೊತ್ತಿದ್ದ ಮಾತನ್ನೇ ಮತ್ತೆ ಕೇಳಿದವನಂತೆ. “ಎರಿ ಕುಡಿಯೂದ ತಡಾ. ಕುಡದದ್ದನ್ನ ಬಿಡೂದೂ ತಡಾ. ಅದಕ್ಕ ಮಳಿ ಹೋದ ಮ್ಯಾಲೂ ಜ್ವಾಳ ನಿಲ್ತಿತ್ತು.”

ಅವನು ಕೈ ಚಾಚಿ ಮಟ್ಟಗೋಲಿನ ಪಕ್ಕದ ನೆಲವನ್ನು ಅಂಗೈಯಿಂದ ಮುಟ್ಟಿದ, ಹಸುವಿನ ಮೈ ಮುಟ್ಟುವ ಹಾಗೆ. ಆ ಕೋಣೆಯಲ್ಲಿ ಬರಿಗೈಯಿಂದ ಏನನ್ನೂ ಮುಟ್ಟಬಾರದೆಂಬುದು ಸಾಯಿರಾಳೇ ಮಾಡಿದ ನಿಯಮ. ಅವಳು ತಡೆಯಲಿಲ್ಲ. ಸಿದರಾಯ ಆ ಕೈಯನ್ನು ಹಣೆಗೆ ಒತ್ತಿಕೊಂಡ. “ಇಪ್ಪತ್ತೆಂಟ ವರ್ಷಾತವಾ. ಮ್ಯಾಲ ಸಿಮಿಟ ಹಾಕ್ಯಾರ, ಸತ್ತ ಹೋಗಿರ್ಬೇಕಂತ ತಿಳದಿದ್ದೆ” ಎಂದ.

ಎಲ್ಲಕ್ಕೂ ಅಭಿಪ್ರಾಯವಿದ್ದ ಹೆಂಗಸು ಅಂದು ಆ ಮುದುಕನ ಪಕ್ಕದಲ್ಲಿ, ಹಸಿರು ಅಂಕಿಗಳ ಮುಂದೆ ಕೂತು, ಆ ದಿನದ ಲೆಕ್ಕಕ್ಕೆ ಹದಿನಾರು ಎಂದಷ್ಟೇ ಬರೆದುಕೊಂಡಳು.

ವಿನಯನಿಗೆ ಗೆರೆಗಳನ್ನು ತೋರಿಸಿದಾಗ ಅವನು ನಗಲಿಲ್ಲ. ಒಳ್ಳೆಯ ಎಂಜಿನಿಯರು ಅವನು; ಅಂಕಿ ಕಂಡರೆ ತಲೆಬಾಗುವವನು. ಗೆರೆಗಳನ್ನು ಮೂರು ಸಲ ಸರಿಸಿ ನೋಡಿ, “ಎಐ ಹೇಳಿತ್ತಲ್ರೀ ಮೇಡಂ, ಒಂಬತ್ತನೇದು. ನಾನ ಹೊಡದ ಹಾಕಿದೆ” ಎಂದು ಕೈ ಹಿಸುಕಿಕೊಂಡ.

“ಅದು ಹೆಸರ ಹೇಳಿತ್ರಿ ಸರ್, ತಪ್ಪೇನ ಹೇಳಿದ್ದಿಲ್ಲ,” ಎಂದಳು ಸಾಯಿರಾ. “ಹೊಲ ಎಲ್ಲಿ ಸುರು ಆಗತದಂತ ಅದಕ್ಕ ಹೇಳಿದವ್ರ ಯಾರು? ನಮಗೂ ಯಾರೂ ಹೇಳಿದ್ದಿಲ್ಲ. ನಾವೂ ಕೇಳಿದ್ದಿಲ್ಲ.”

ಮಳೆಗಾಲ ಮುಗಿದ ಮೇಲೆ ಯಂತ್ರವನ್ನು ಸರಿಸಿ, ಅದರ ಕೆಳಗಿನ ನೆಲ ಅಗೆಸಿದರು. ಕಪ್ಪು ಮಣ್ಣನ್ನು ದಾಟಿ ಕೆಳಗಿನ ಮುರುಮಿಗೆ, ಆ ಗಟ್ಟಿ ಕಲ್ಲುಮಣ್ಣಿನ ಪದರಿಗೆ ತಾಗುವವರೆಗೆ, ಸುಮಾರು ಹನ್ನೆರಡು ಅಡಿ. ಯಂತ್ರಕ್ಕೆ ಬೇರೆಯೇ ಅಡಿಪಾಯ. ಸುತ್ತಲಿನ ನೆಲಕ್ಕೂ ಅದಕ್ಕೂ ಅಂಗೈಯಗಲ ಸಂದು ಬಿಟ್ಟು ಕಟ್ಟುವುದೆಂದು ತೀರ್ಮಾನವಾಗಿತ್ತು. ಅಗೆತ ಮುಗಿದ ದಿನ ಸಾಯಿರಾ ಏಣಿ ಹಿಡಿದು ಗುಂಡಿಯೊಳಗೆ ಇಳಿದಳು. ಮೇಲೆ ರಾಮಲಿಂಗ ಏಣಿ ಒತ್ತಿ ಹಿಡಿದಿದ್ದ.

ಗುಂಡಿಯ ಉದ್ದನೆಯ ಗೋಡೆಯಲ್ಲಿ ಅದು ಕಂಡಿತು. ಈ ಕಡೆ ಇಟ್ಟಿಗೆಯಂಥ ಕೆಂಪು, ಆ ಕಡೆ ಕಾಡಿಗೆಯಂಥ ಕಪ್ಪು. ನಡುವೆ ಬೆರಳಿನಿಂದ ಎಳೆದಂಥ ಗೆರೆ. ಸಿದರಾಯ ಹೆಜ್ಜೆ ಎಣಿಸಿ ನಿಂತಿದ್ದ ಜಾಗದಿಂದ ಅದು ಒಂದು ಗೇಣು ಕೂಡ ಆಚೀಚೆ ಇರಲಿಲ್ಲ. ಕಪ್ಪು ಭಾಗ ತೇವವಾಗಿ ಮಿನುಗುತ್ತಿತ್ತು. ಅದರಲ್ಲಿ ಮೇಲಿನಿಂದ ಕೆಳಗೆ ನುಣುಪಾದ ಪದರುಗಳು. ಉಬ್ಬಿ ಕುಗ್ಗಿ, ಉಬ್ಬಿ ಕುಗ್ಗಿ, ಮಣ್ಣಿಗೆ ಮಣ್ಣೇ ಉಜ್ಜಿ ಆದ ಹೊಳಪು ಎಂದು ಮಣ್ಣು ನೋಡಲು ಬಂದಿದ್ದವರು ಹೇಳಿದರು. ರಾಮಲಿಂಗನ ಕಲ್ಲು ಕೂಡ ಅಂಥ ಹೊಳಪು ಕೊಡಲಾರದು ಎಂದು ಸಾಯಿರಾಳಿಗೆ ಅನಿಸಿತು. ಕೂಗಿ ಹೇಳಿದಳು. ರಾಮಲಿಂಗ ಬಗ್ಗಿ ನೋಡಿ, “ಖರೇರಿ” ಎಂದ. ಅವನ ಬಾಯಿಂದ ಅದು ದೊಡ್ಡ ಮಾತು. ಸಿದರಾಯನ ಮನೆಯವಳು ಫಕೀರವ್ವನಿಗೆಂದು ಸಾಯಿರಾ ಒಂದು ಬುಟ್ಟಿ ಕಪ್ಪು ಮಣ್ಣು ಮೇಲೆ ಕಳಿಸಿದಳು. ಫಕೀರವ್ವ ಅದನ್ನು ಮನೆ ಮುಂದಿನ ತುಳಸಿ ಕಟ್ಟೆಗೆ ಹಾಕಿದಳಂತೆ.

ಈಗ ಹಾಸು ಮುರುಮಿನ ಮೇಲೆ ಕೂತಿದೆ. ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಬೇಸಿಗೆ ಹೋಯಿತು. ಹಳಿಗಳಿಗೆ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಕಂಪನಿಗೆ ಮಟ್ಟಗೋಲಿನಿಂದ ಇನ್ನು ಕೆಲಸವಿರಲಿಲ್ಲ. ಸಾಯಿರಾ ಅದನ್ನು ಸಂದಿನಾಚೆಯ ಹಳೇ ನೆಲದ ಮೇಲೆ ಇಡಲು ಅನುಮತಿ ಕೇಳಿದಳು. ಯಾತಕ್ಕೆ ಎಂದು ವಿನಯ ಕೇಳಿದ್ದಕ್ಕೆ “ನೋಡಾಕ್ರಿ” ಎಂದಳು. ಅವನು ಹೂಂ ಎಂದ.

ಸಿದರಾಯ ಈ ವರ್ಷ ಕೆಲಸದಿಂದ ನಿವೃತ್ತನಾದ. ಆಗಸ್ಟಿನ ಮೊದಲ ವಾರ, ಬಸ್ಸು ಇಳಿದು ಛತ್ರಿ ಬಿಡಿಸುತ್ತಿದ್ದ ಸಾಯಿರಾಳಿಗೆ ಅವನ ಫೋನು ಬಂತು.

“ಎಷ್ಟಾತವಾ?”

“ನಿನ್ನೀಗೆ ಹತ್ತೊಂಬತ್ತ್ರಿ ಕಾಕಾ.”

“ತಡಿ, ಇನ್ನೂ ಏಳತೈತಿ. ಮಘಿ ಮಳಿ ಬಾಕಿ ಐತಿ.”

ಮಘೆ ಮಳೆ ಬಿದ್ದ ಹನ್ನೊಂದು ದಿನಕ್ಕೆ ಸಂಖ್ಯೆ ಇಪ್ಪತ್ಮೂರಾಯಿತು.